ಎರಡೂ ಕಡೆಯಿಂದ ಓದುವ ಹಾರ

ಮೊಬೈಲಿನಾಗ ಕ್ಯಾಲ್ಕುಲೇಟರ್ ತೆಗೀರಿ. 27994681 ಒತ್ತಿ 441ರಿಂದ ಗುಣಿಸ್ರಿ. ಉತ್ತರ 12345654321. ಎಡದಿಂದ ಓದಿದರೂ ಅದೇ, ಬಲದಿಂದ ಓದಿದರೂ ಅದೇ.

ಇದು ವಾಟ್ಸಾಪಿನಾಗ ಹುಟ್ಟಿದ ಚಮತ್ಕಾರ ಅಲ್ಲ. ಸುಮಾರು ಕ್ರಿ.ಶ. 850ರಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಕೊಟ್ಟ ಲೆಕ್ಕ. ಇಂಥ ಗುಣಲಬ್ಧಗಳನ್ನು ಆತ ಕೊರಳಹಾರಕ್ಕೆ ಹೋಲಿಸಿದ್ದಾನೆ.

ಇಳಕಲ್ಲಿನಲ್ಲಿ ಒಂಬತ್ತನೇ ಕ್ಲಾಸ್ ಓದುವ ಅಕ್ಕನ ಮಗಳಿಗೆ ಇದನ್ನು ತೋರಿಸಿದೆ. “ಚಲೋ ಐತಿ ಮಾಮಾ. ಆದ್ರ ಯಾಕ ಹಂಗ ಬರತೈತಿ?” ಅಂದಳು. ಗಣಿತ ತನಗ ಬರೂದಿಲ್ಲ, ಮುಂದ ಸೈನ್ಸ್ ಬ್ಯಾಡ ಅಂತ ಆಗಲೇ ಠರಾಯಿಸಿದ ಹುಡುಗಿ ಕೇಳಿದ ಪ್ರಶ್ನೆ. ‘ಯಾಕ’ ಅನ್ನೋರಿಗೆ ಗಣಿತ ಬರೂದಿಲ್ಲ ಅಂದ್ರ ನಾನಂತೂ ಒಪ್ಪೂದಿಲ್ಲ.

ಗುಟ್ಟು ಇಷ್ಟೇ. 441 ಅಂದರೆ 21ರ ವರ್ಗ, 27994681 ಅಂದರೆ 5291ರ ವರ್ಗ. 21 × 5291 = 111111. ಅಂದಮೇಲೆ ನಮ್ಮ ಹಾರ 111111ರ ವರ್ಗ. ಇದನ್ನು ಶಾಲೆಯಲ್ಲಿ ಮಾಡಿದಂತೆ ಹಾಳೆಯ ಮೇಲೆ ಗುಣಿಸ್ರಿ: ಆರು ಸಾಲು, ಪ್ರತಿ ಸಾಲಿನಾಗೂ ಆರು ಒಂದು, ಒಂದೊಂದೇ ಮನೆ ಎಡಕ್ಕೆ ಸರಿದಿರುತ್ತವೆ. ಬಲತುದಿಯ ಕಂಬದಲ್ಲಿ ಒಂದು 1, ಮುಂದಿನದರಲ್ಲಿ ಎರಡು, ನಡುವೆ ಆರು, ಮತ್ತೆ ಇಳಿಯುತ್ತ ಒಂದು. ಎಲ್ಲೂ ದಶಕ ಇಲ್ಲ, ಅದಕ್ಕೇ ಹಾರ ಹರಿಯೂದಿಲ್ಲ.

ಒಂಬತ್ತು ಒಂದುಗಳವರೆಗೂ ಹೀಗೇ: 12345678987654321. ಹತ್ತು ಒಂದು ತಗೊಂಡರೆ ನಡುವಿನ ಕಂಬದಲ್ಲಿ ಹತ್ತಾಗಿ ದಶಕ ಏರುತ್ತದೆ, 1234567900987654321 ಆಗಿ ಹಾರ ಹರಿಯುತ್ತದೆ.

ನನ್ನ ಕೆಲಸ ಕಂಪ್ಯೂಟರಿನ ಜೊತೆ. ಆದರೂ ಹೇಳ್ತೀನಿ, ಒಂಬತ್ತು ಒಂದುಗಳ ವರ್ಗವನ್ನು ಎಕ್ಸೆಲ್‌ನಾಗ ಮಾಡಿ ಪೂರ್ತಿ ಅಂಕಿ ನೋಡಿದರೆ ಕೊನೆಯ 21ರ ಜಾಗದಾಗ 00 ಕೂತಿರುತ್ತದೆ. ಅದು ನೆನಪಿಡೋದು 15 ಅಂಕಿ ಮಾತ್ರ. ಹಾಳೆಯ ಮೇಲೆ ಮಾಡಿದ ಹುಡುಗಿಯ ಉತ್ತರ ಸರಿ, ಮಷೀನಿನದು ತಪ್ಪು. ಇದನ್ನು ನೋಡಿ ಆಕೆ ನಕ್ಕದ್ದು ನೋಡಬೇಕಿತ್ತು!

ಉತ್ತರವನ್ನು ಎರಡು ದಾರಿಯಿಂದ ತಾಳೆ ನೋಡೋದು ನಮ್ಮ ಕಡೆ ಹೊಸದಲ್ಲ. ಹುನಗುಂದ ಸೀಮೆಯ ಐಹೊಳೆಗೆ ಹೋದರೆ ಮೇಗುತಿ ಗುಡಿ ಹತ್ತಿ ಬರ್ರಿ. ಕ್ರಿ.ಶ. 634ರ ಶಾಸನದಲ್ಲಿ ರವಿಕೀರ್ತಿ ಕಾಲವನ್ನು ಎರಡು ರೀತಿ ಹೇಳಿದ್ದಾನೆ: ಭಾರತ ಯುದ್ಧದಿಂದ 3735 ವರ್ಷ, ಶಕ 556. ಕಳೆದರೆ 3179. ಕಲಿ ಮತ್ತು ಶಕ ಗತವರ್ಷಗಳ ನಡುವೆ ಇವತ್ತಿಗೂ ಅಷ್ಟೇ ಅಂತರ. ಒಂದು ಸಂಖ್ಯೆ ಅಳಿಸಿಹೋದರೂ ಇನ್ನೊಂದರಿಂದ ತಿಳಿಯಬಹುದು.

ಮನೆಯ ಮಕ್ಕಳಿಗೆ ಮಹಾವೀರಾಚಾರ್ಯನದೇ ಇನ್ನೊಂದು ಹಾರ ಕೊಡ್ರಿ: 142857143 × 7. ಉತ್ತರ ಕ್ಯಾಲ್ಕುಲೇಟರ್ ಹೇಳತೈತಿ. ಯಾಕ ಅನ್ನೋದನ್ನು ಅವರ ಬಾಯಿಂದಲೇ ಕೇಳ್ರಿ.