‘ಹದಿನೇಳೇ ಗಂಟೆ’ ಅನ್ನೋದು ಅರ್ಧ ಲೆಕ್ಕ

ಎಂ.ಎಸ್. ಮಾಡಲು ಅಮೆರಿಕಕ್ಕೆ ಹೊರಡುವವರು ಮನೆಯಲ್ಲಿ ಹೇಳುವ ಸಮಾಧಾನದ ಮಾತು ಒಂದಿದೆ: ‘ಹದಿನೇಳೇ ಗಂಟೆ ಅಮ್ಮ, ಯಾವಾಗ ಬೇಕಾದ್ರೂ ಬಂದುಬಿಡ್ತೀನಿ’. ಬಿ.ಇ. ಓದುತ್ತಿರುವ ನಾವೂ ನಾಳೆ ಇದನ್ನೇ ಹೇಳಬಹುದು. ಆದರೆ ಇದು ಅರ್ಧ ಲೆಕ್ಕ.

ಆ ಅರ್ಧವೇನೂ ಸಣ್ಣದಲ್ಲ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟ ಏರ್ ಇಂಡಿಯಾ ವಿಮಾನ, ಎಲ್ಲೂ ನಿಲ್ಲದೆ ಸುಮಾರು 14 ಸಾವಿರ ಕಿ.ಮೀ. ಹಾರಿ 11ರ ನಸುಕಿನಲ್ಲಿ ಬೆಂಗಳೂರಿಗೆ ಬಂದಿಳಿಯಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಜೊತೆಗಿದ್ದ ಪೈಲಟ್‌ಗಳೆಲ್ಲ ಮಹಿಳೆಯರೇ. ಹಾರಿದ ದಾರಿ ಉತ್ತರ ಧ್ರುವದ ಮೇಲೆ. ಗೋಡೆಯ ಮ್ಯಾಪ್‌ನಲ್ಲಿ ಇದು ಸುತ್ತುದಾರಿ ಅನ್ನಿಸುತ್ತದೆ. ಗ್ಲೋಬ್ ಮೇಲೆ ದಾರ ಹಿಡಿದು ನೋಡಿದರೆ ಇದೇ ಹತ್ತಿರದ ದಾರಿ ಎಂದು ಗೊತ್ತಾಗುತ್ತದೆ.

ಇನ್ನುಳಿದ ಅರ್ಧ ನೆಲದ ಮೇಲಿನದು. ನಮ್ಮ ದೀಪಾಂಜಲಿ ನಗರದಿಂದ ದೇವನಹಳ್ಳಿಯ ವಿಮಾನ ನಿಲ್ದಾಣ ಸುಮಾರು 40 ಕಿ.ಮೀ. ಮನೆ ಹತ್ತಿರವೇ ಮೆಟ್ರೊ ಇದ್ದರೂ ಅದು ಅಲ್ಲಿಗೆ ಇನ್ನೂ ಹೋಗುವುದಿಲ್ಲ. ಟ್ರಾಫಿಕ್ ಸಿಕ್ಕಿದರೆ ರಸ್ತೆಯಲ್ಲೇ ಎರಡು ಗಂಟೆ. ವಿದೇಶದ ವಿಮಾನಕ್ಕೆ ಮೂರು ಗಂಟೆ ಮೊದಲೇ ಅಲ್ಲಿರಬೇಕು. ನೇರ ವಿಮಾನ ಸಿಗದೆ ದುಬೈನಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ಬದಲಿಸಬೇಕಾದರೆ, ಮನೆಯಿಂದ ಮನೆಗೆ ಒಂದು ದಿನಕ್ಕಿಂತ ಹೆಚ್ಚೇ ಹಿಡಿಯುತ್ತದೆ.

ಇದಕ್ಕಿಂತ ದೊಡ್ಡದು ಗಡಿಯಾರದ ದೂರ. ಎರಡು ಊರಿನ ನಡುವೆ ಹದಿಮೂರೂವರೆ ಗಂಟೆ ವ್ಯತ್ಯಾಸ. ಅಲ್ಲಿನ ಬೇಸಿಗೆಯಲ್ಲಿ ಹನ್ನೆರಡೂವರೆ. ಇಲ್ಲಿ ಊಟ ಮುಗಿಸಿ ಅಪ್ಪ ಫೋನ್ ಹಿಡಿದು ಕೂತಾಗ ಮಗ ಅಲ್ಲಿ ಬೆಳಗಿನ ಕ್ಲಾಸಿಗೆ ಓಡುತ್ತಿರುತ್ತಾನೆ. ಅವನು ಸಂಜೆ ರೂಮಿಗೆ ಬಂದಾಗ ಇಲ್ಲಿ ಅಪ್ಪ ಡ್ಯೂಟಿಗೆ ಹೊರಟಿರುತ್ತಾರೆ. ಇದನ್ನು ಯಾವ ವೇಗದ ವಿಮಾನವೂ ಕಡಿಮೆ ಮಾಡಲಾರದು.

‘ಯಾವಾಗ ಬೇಕಾದ್ರೂ’ ಅನ್ನುವ ಮಾತಂತೂ ಟಿಕೆಟ್ ದರ ನೋಡಿದ ಕೂಡಲೇ ಬಿದ್ದುಹೋಗುತ್ತದೆ. ಪರೀಕ್ಷೆ ಇರುತ್ತದೆ, ಆಮೇಲೆ ಕೆಲಸದ ರಜೆ. ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ, ಊರಿಗೆ ಬಂದವರು ಹೊಸದು ಪಡೆಯದೆ ವಾಪಸ್ ಹೋಗುವಂತಿಲ್ಲ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಎಂದಾಗ ಅಡ್ಡ ಬರುವುದು 14 ಸಾವಿರ ಕಿ.ಮೀ. ಅಲ್ಲ, ಇವೇ.

ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಅವಕಾಶ ಸಿಕ್ಕರೆ ನನಗೂ ಹೋಗುವ ಆಸೆಯಿದೆ. ಆದರೆ ಸಾಲದ ಪತ್ರಕ್ಕೆ ಅಪ್ಪ ಸಹಿ ಹಾಕುವ ಮುಂಚೆ ಪೂರ್ತಿ ಲೆಕ್ಕ ಮನೆಯವರ ಮುಂದಿಡೋಣ. ವರ್ಷಕ್ಕೊಮ್ಮೆ ಬಂದುಹೋಗುವ ಟಿಕೆಟ್ ಹಣವನ್ನೂ ಖರ್ಚಿನ ಪಟ್ಟಿಯಲ್ಲಿ ಬರೆಯೋಣ. ವಾರದಲ್ಲಿ ಯಾವ ದಿನ, ಎಷ್ಟು ಗಂಟೆಗೆ ಮಾತಾಡುವುದು ಎಂದು ಮೊದಲೇ ಗೊತ್ತುಮಾಡೋಣ. ಎಷ್ಟು ದೂರ ಎಂದು ಸರಿಯಾಗಿ ತಿಳಿದು ಕಳಿಸಿಕೊಡುವ ಹಕ್ಕು ಅವರಿಗಿದೆ.