ಅಪಸ್ಮಾರ: ಮೆದುಳಿನ ಸೇತುವೆ, ಮನೆಯೊಳಗಿನ ಮೌನ

ಪ್ರತಿವರ್ಷ ನವೆಂಬರ್ 17ರಂದು ನಮ್ಮ ದೇಶದಲ್ಲಿ ರಾಷ್ಟ್ರೀಯ ಅಪಸ್ಮಾರ ದಿನವನ್ನು ಆಚರಿಸಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ವ್ಯಾಧಿಯಿದೆ. ಆದರೂ ನಮ್ಮ ಮನೆಗಳಲ್ಲಿ ಇದರ ಹೆಸರು ಇಂದಿಗೂ ಪಿಸುಮಾತಿನಲ್ಲೇ ಉಳಿದಿದೆ.

ಮೆದುಳಿನ ಎಡ ಬಲ ಭಾಗಗಳನ್ನು ಕಾರ್ಪಸ್ ಕೆಲೋಸಮ್ ಎಂಬ ನರತಂತುಗಳ ದಪ್ಪ ಕಟ್ಟು ಜೋಡಿಸುತ್ತದೆ. ಅದರಲ್ಲಿರುವ ತಂತುಗಳು ಸುಮಾರು 20 ಕೋಟಿ. ದಾದರ್‌ನಲ್ಲಿ ಪಶ್ಚಿಮ ಮತ್ತು ಮಧ್ಯ ರೈಲ್ವೆಗಳನ್ನು ಕೂಡಿಸುವ ಪಾದಚಾರಿ ಸೇತುವೆಯನ್ನು ನೆನೆದರೆ ಮುಂಬಯಿಗರಿಗೆ ಇದು ಸುಲಭವಾಗಿ ತಿಳಿದೀತು. ಒಂದು ಬದಿಯಲ್ಲಿ ಹುಟ್ಟಿದ ವಿದ್ಯುತ್ ಕೋಲಾಹಲ ಈ ಸೇತುವೆಯನ್ನು ದಾಟಿ ಇನ್ನೊಂದು ಬದಿಗೂ ಹಬ್ಬಿದಾಗ ವ್ಯಕ್ತಿ ಪ್ರಜ್ಞೆ ತಪ್ಪಿ ಬೀಳುತ್ತಾನೆ. ಕೋತಿಗಳಲ್ಲಿ ಈ ಹಬ್ಬುವಿಕೆಯನ್ನು ಎರಿಕ್ಸನ್ ತೋರಿಸಿಕೊಟ್ಟದ್ದು 1940ರಲ್ಲಿ. ಅದೇ ವರ್ಷ ಅಮೆರಿಕದ ವ್ಯಾನ್ ವ್ಯಾಗೆನನ್ ಮತ್ತು ಹೆರೆನ್, ರೋಗಿಗಳಲ್ಲಿ ಆ ಸೇತುವೆಯನ್ನೇ ಕತ್ತರಿಸಿದ ಶಸ್ತ್ರಚಿಕಿತ್ಸೆಯ ವರದಿಯನ್ನು ಪ್ರಕಟಿಸಿದರು. ಔಷಧಕ್ಕೆ ಬಗ್ಗದ, ಹಠಾತ್ತನೆ ಕೆಡವುವ ಸೆಳವುಗಳಿಗೆ ಇಂದಿಗೂ ಈ ಮಾರ್ಗವನ್ನು ಅನುಸರಿಸುವುದುಂಟು.

ಯಾವ ನರಕೋಶದ ತಂತು ಆಚೆ ಬದಿಯ ಎಲ್ಲಿಗೆ ಹೋಗಿ ಮುಟ್ಟುತ್ತದೆ? ಪ್ರಾಣಿಗಳ ಮೆದುಳಿಗೆ ಗುರುತುಕಾರಕ ದ್ರವ್ಯವನ್ನು ಸೇರಿಸಿ, ಅದು ತಂತುವಿನೊಳಗೆ ಸಾಗುವ ಜಾಡನ್ನು ಹಿಡಿದು ಸಂಶೋಧಕರು ಇದನ್ನು ಪತ್ತೆಹಚ್ಚುತ್ತಾರೆ. ಜೀವಂತ ಮನುಷ್ಯರಲ್ಲಾದರೆ ತಂತುಗಳಗುಂಟ ನೀರಿನ ಅಣುಗಳ ಚಲನೆಯನ್ನು ಎಂಆರ್‌ಐ ಅಳೆಯುತ್ತದೆ. ಈ ಶೋಧದಲ್ಲಿ ನನಗೆ ಬಹು ಕುತೂಹಲಕರವೆನಿಸಿದ್ದು ಒಂದಿದೆ: ಸೇತುವೆಯ ತಂತುಗಳು ಆಚೆ ಬದಿಯ ಕೋಶಗಳನ್ನು ಕೆರಳಿಸುವುದಷ್ಟೇ ಅಲ್ಲ, ಅಲ್ಲಿನ ತಡೆಯೊಡ್ಡುವ ಕೋಶಗಳನ್ನೂ ಎಚ್ಚರಿಸುತ್ತವೆ. ಹಬ್ಬಿಸುವ ದಾರಿಯೇ ಹತೋಟಿಯ ದಾರಿಯೂ ಹೌದು.

ಇದರಲ್ಲಿ ಗ್ರಹಚಾರಕ್ಕೆ, ಕುಲದೋಷಕ್ಕೆ ಎಡೆಯೆಲ್ಲಿ? ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ನರರೋಗ ವಿಭಾಗವನ್ನು ಬೆಳೆಸಿದ ಡಾ. ಎಡ್ಡಿ ಭರೂಚಾ ಅವರ ಊರು ನಮ್ಮದು. ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯ ಅಗತ್ಯವೂ ಬೀಳದು. ಸರಿಯಾದ ಔಷಧದಿಂದ ನೂರಕ್ಕೆ 70 ಮಂದಿಯವರೆಗೆ ಸೆಳವುಮುಕ್ತರಾಗಬಲ್ಲರು. ಅಗ್ಗದ ಫಿನೊಬಾರ್ಬಿಟಾಲ್, ಫೆನಿಟೊಯಿನ್ ಮಾತ್ರೆಗಳಿಂದಲೇ ಹಳ್ಳಿಗರ ಕಾಯಿಲೆಯನ್ನು ಹತೋಟಿಗೆ ತರಬಹುದೆಂದು ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ನಡೆಸಿದ ಅಧ್ಯಯನ ತೋರಿಸಿತು. 2001ರಲ್ಲಿ ಅದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ವಿವಾಹಕ್ಕೆ ಅಪಸ್ಮಾರ ಅಡ್ಡಿಯೆಂಬ ಮಾತನ್ನು ಹಿಂದೂ ವಿವಾಹ ಕಾಯ್ದೆಯಿಂದ 1999ರ ತಿದ್ದುಪಡಿ ತೆಗೆದುಹಾಕಿದೆ. ಜಾತಕ ಕೈಬದಲಾಗುವ ಹೊತ್ತಿಗೆ ಮಾತ್ರ ಮಗಳ ಔಷಧದ ಚೀಟಿ ಕಪಾಟಿನ ತಳ ಸೇರುತ್ತದೆ. ಅತ್ತೆಮನೆಯಲ್ಲಿ ಗುಟ್ಟಾಗಿ ಮಾತ್ರೆ ನುಂಗಬೇಕಾದವಳು ಒಂದೆರಡು ಹೊತ್ತು ತಪ್ಪಿಸಿಯೇ ತಪ್ಪಿಸುತ್ತಾಳೆ. ಹಾಗೆ ಔಷಧ ತಪ್ಪಿದಾಗಲೇ ಹತೋಟಿಯಲ್ಲಿದ್ದ ಸೆಳವು ಮರುಕಳಿಸುತ್ತದೆ.