ಇಪ್ಪತ್ತು ಹನಿ ಎಕಿನೇಸಿಯಾ ಮತ್ತು ಎರಡು ವಾರದ ಕೆಮ್ಮು

ನೆಗಡಿ, ಕೆಮ್ಮು ಅಂದರೆ ಸಾಕು, ಈಗ ಒಂದು ಹೊಸ ಸಲಹೆ ಕೇಳಿಸುತ್ತೆ. "ಎಕಿನೇಸಿಯಾ ತಗೊಳ್ರಿ, ಅರ್ಧ ಲೋಟ ನೀರಿಗೆ ಇಪ್ಪತ್ತು ಹನಿ. ಇಮ್ಯುನಿಟಿ ಬರುತ್ತೆ. ಗಿಡಮೂಲಿಕೆ ಅಲ್ವಾ, ಏನೂ ಆಗಲ್ಲ." ಹೋಮಿಯೋಪಥಿ ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆಯೂ ಕೊಡುತ್ತಾರೆ. ಪುಟ್ಟ ಬಾಟಲಿ, ಹೆಸರಿನ ಪಕ್ಕ ಕ್ಯೂ ಅಂತ ಒಂದು ಇಂಗ್ಲಿಷ್ ಅಕ್ಷರ. ಅದಕ್ಕೆ ಮದರ್ ಟಿಂಕ್ಚರ್ ಅನ್ನುತ್ತಾರೆ.

ಆ "ಏನೂ ಆಗಲ್ಲ" ಅನ್ನೋ ಮಾತಿನ ಮೇಲೆಯೇ ನನ್ನ ತಕರಾರು.

ಮೊದಲು ಟಿಂಕ್ಚರ್ ಅಂದರೇನು ನೋಡೋಣ. ನಾವು ಕಷಾಯವನ್ನು ನೀರಲ್ಲಿ ಕುದಿಸುತ್ತೇವೆ. ಟಿಂಕ್ಚರಿಗೆ ಗಿಡವನ್ನು ಆಲ್ಕೋಹಾಲ್ ಮತ್ತು ನೀರಿನಲ್ಲಿ ನೆನೆಹಾಕಿ ಸಾರ ತೆಗೆಯುತ್ತಾರೆ. ಹೋಮಿಯೋಪಥಿಯ ಬಿಳಿ ಗುಳಿಗೆಗಳಲ್ಲಿ ಔಷಧವನ್ನು ಮತ್ತೆ ಮತ್ತೆ ತೆಳು ಮಾಡಿರುತ್ತಾರೆ. ಮದರ್ ಟಿಂಕ್ಚರ್ ಹಾಗಲ್ಲ, ಅದರಲ್ಲಿ ಗಿಡದ ಸತ್ವ ನಿಜಕ್ಕೂ ಇರುತ್ತೆ. ಆಲ್ಕೋಹಾಲೂ ಇರುತ್ತೆ. ಶೇ. 12ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಹೋಮಿಯೋಪಥಿ ಔಷಧವನ್ನು ಅಂಗಡಿಯಲ್ಲಿ 30 ಮಿಲಿಗಿಂತ ದೊಡ್ಡ ಬಾಟಲಿಯಲ್ಲಿ ಮಾರುವಂತಿಲ್ಲ ಅಂತ ನಮ್ಮ ದೇಶದ ಔಷಧ ನಿಯಮವೇ ಇದೆ. ಬಾಟಲಿ ಅಷ್ಟು ಪುಟ್ಟದಾಗಿರೋದು ಅದಕ್ಕೇ. ಲೇಬಲ್ ತಿರುಗಿಸಿ ನೋಡಿ, ಆಲ್ಕೋಹಾಲ್ ಎಷ್ಟು ಅಂತ ಬರೆದಿರುತ್ತೆ. ಕುಡಿತ ಬಿಡಲು ಒದ್ದಾಡುತ್ತಿರುವವರಿಗೆ, ಲಿವರ್ ಕೆಟ್ಟವರಿಗೆ ಇದು ಸಣ್ಣ ವಿಷಯವಲ್ಲ.

ಈ ಗಿಡ ನಮ್ಮ ನೆಲದ್ದಲ್ಲ, ಉತ್ತರ ಅಮೆರಿಕದ ಹುಲ್ಲುಗಾವಲಿನದ್ದು. ನೇರಳೆ ಎಸಳು, ನಡುವೆ ಮುಳ್ಳುಮುಳ್ಳಾದ ಗುಂಡು. ಕುಟುಂಬ ಮಾತ್ರ ನಮಗೆ ಪರಿಚಯದ್ದೇ: ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂವಿನ ಬಳಗ. ಲಕೋಟಾ, ಶೆಯೆನ್ ಮುಂತಾದ ಅಲ್ಲಿನ ಮೂಲನಿವಾಸಿಗಳು ಹಲ್ಲುನೋವಿಗೆ, ಗಂಟಲುನೋವಿಗೆ ಇದರ ಬೇರು ಅಗಿಯುತ್ತಿದ್ದರು. ಅಗಿದರೆ ನಾಲಿಗೆ ಜುಮ್ ಅಂದು ಮರಗಟ್ಟುತ್ತೆ. ಅಕ್ಕಲಕರದ ಬೇರು ಕಚ್ಚಿ ನೋಡಿದವರಿಗೆ ಇದು ಗೊತ್ತಿರುತ್ತೆ, ಎರಡರಲ್ಲೂ ಇರೋದು ಒಂದೇ ಜಾತಿಯ ರಾಸಾಯನಿಕ. ಹಲ್ಲುನೋವಿಗೆ ಅವರು ಬಳಸಿದ್ದರಲ್ಲಿ ಅರ್ಥ ಇತ್ತು.

ಅದನ್ನು ಬಾಟಲಿಗೆ ತುಂಬಿ "ರಕ್ತಶುದ್ಧಿ"ಯ ಮದ್ದು ಅಂತ ಮಾರಿದವನು ನೆಬ್ರಾಸ್ಕಾದ ಮೇಯರ್ ಅನ್ನುವ ವ್ಯಾಪಾರಿ, 19ನೇ ಶತಮಾನದ ಕೊನೆಯಲ್ಲಿ. ಬುಡುಬುಡಿಕೆ ಹಾವು ಕಚ್ಚಿದರೂ ಇದರಿಂದ ವಾಸಿ ಅಂದ. ಬೇಕಾದರೆ ನಿಮ್ಮೆದುರೇ ಹಾವಿನಿಂದ ಕಚ್ಚಿಸಿಕೊಳ್ಳುತ್ತೇನೆ ಅಂತ ಸಿನ್ಸಿನಾಟಿಯ ಔಷಧ ತಜ್ಞರಿಗೆ ಪತ್ರ ಬರೆದ. ಅವರು ಬೇಡ ಅಂದರು. ಆದರೂ ಗಿಡ ಮಾರುಕಟ್ಟೆ ಹಿಡಿಯಿತು. 1909ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಪುರಾವೆ ಸಾಲದು ಅಂತ ತಳ್ಳಿಹಾಕಿದ ಮೇಲೂ ಮಾರಾಟ ನಿಲ್ಲಲಿಲ್ಲ.

ಹಾವಿನ ಮಾತು ಹೋಮಿಯೋಪಥಿಯ ಹಳೆಯ ಪುಸ್ತಕಗಳಿಗೂ ಸೇರಿಕೊಂಡು ಅಲ್ಲೇ ಉಳಿದಿದೆ. ನಗಬೇಡಿ. ಹಾವು ಕಚ್ಚಿದಾಗ ಮೊದಲ ಒಂದು ಗಂಟೆ ಎಲ್ಲೆಲ್ಲೋ ಕಳೆದುಹೋಗುವ ಹಳ್ಳಿಗಳು ನಮ್ಮವು. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರಕರಣವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಅದಕ್ಕೆ ಮದ್ದು ಆಸ್ಪತ್ರೆಯಲ್ಲಿರುವ ಆಂಟಿವೆನಮ್ ಒಂದೇ.

ಇನ್ನು ನೆಗಡಿ. ಇದನ್ನು ಚೆನ್ನಾಗಿಯೇ ಪರೀಕ್ಷೆ ಮಾಡಿದ್ದಾರೆ. 2005ರಲ್ಲಿ ಅಮೆರಿಕದಲ್ಲಿ 399 ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಸ್ ಬಿಟ್ಟು, ಕೆಲವರಿಗೆ ಎಕಿನೇಸಿಯಾ, ಕೆಲವರಿಗೆ ಬರೀ ಹುಸಿ ಮದ್ದು ಕೊಟ್ಟು ನೋಡಿದರು. ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 2010ರಲ್ಲಿ 719 ಜನರ ಮೇಲೆ ಇನ್ನೊಂದು ಪ್ರಯೋಗ ನಡೆಯಿತು. ನೆಗಡಿ ಅರ್ಧ ದಿನ ಬೇಗ ಹೋದಂತೆ ಕಂಡಿತು, ಅದೂ ಆಕಸ್ಮಿಕ ಇರಬಹುದಾದಷ್ಟು ಸಣ್ಣದು. 2014ರಲ್ಲಿ ಕಾಕ್ರೇನ್ ಸಂಸ್ಥೆಯ ತಜ್ಞರು 24 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ನೆಗಡಿ ಬಾರದಂತೆ ತಡೆಯಲು ಚೂರು ಉಪಯೋಗ ಇದ್ದರೂ ಇರಬಹುದು, ಬಂದದ್ದನ್ನು ವಾಸಿ ಮಾಡುತ್ತೆ ಅನ್ನಲು ಆಧಾರ ಸಾಲದು ಅಂದರು. ನೆಗಡಿಗೆ ಮದ್ದು ತಗೊಂಡರೆ ಏಳು ದಿನ, ಇಲ್ಲದಿದ್ದರೆ ಒಂದು ವಾರ ಅಂತ ನಮ್ಮವರು ತಮಾಷೆ ಮಾಡುತ್ತಾರಲ್ಲ, ಹೆಚ್ಚುಕಮ್ಮಿ ಅಲ್ಲಿಗೇ ಬಂದು ನಿಂತಿತು.

ಇದರಲ್ಲೊಂದು ತೊಡಕಿದೆ. ಎಕಿನೇಸಿಯಾದಲ್ಲೇ ಮೂರು ಜಾತಿ ಮದ್ದಿಗೆ ಬಳಕೆಯಲ್ಲಿವೆ. ಒಬ್ಬರು ಬೇರು ಹಾಕುತ್ತಾರೆ, ಇನ್ನೊಬ್ಬರು ಹೂ, ಎಲೆ. ಒಂದು ಬಾಟಲಿಯ ಗುಣ ಇನ್ನೊಂದಕ್ಕೆ ಬರಬೇಕೆಂದಿಲ್ಲ. ನಮ್ಮ ಅಮೃತಬಳ್ಳಿಯ ವಿಷಯದಲ್ಲೂ ಇದೇ ಆಯಿತು. ಕೋವಿಡ್ ಕಾಲದಲ್ಲಿ ಅದನ್ನು ಸೇವಿಸಿದ್ದ ಆರು ಜನರಿಗೆ ಲಿವರ್ ತೊಂದರೆಯಾದ ವಿವರವನ್ನು ಮುಂಬೈನ ವೈದ್ಯರು 2021ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದು ಬೇರೆ ಜಾತಿಯ ಬಳ್ಳಿ ಇರಬಹುದು ಅಂದಿತು. ಇರಲಿ. ಹಾಗಾದರೆ ತಜ್ಞರೇ ತಡವರಿಸುವ ಬಳ್ಳಿಯನ್ನು ವಾಟ್ಸಾಪ್ ನೋಡಿ ಕುದಿಸುವವರು ಹೇಗೆ ಗುರುತು ಹಿಡಿಯಬೇಕು?

ಆರೋಗ್ಯವಾಗಿರುವ ದೊಡ್ಡವರು ನೆಗಡಿಗೆ ನಾಲ್ಕು ದಿನ ಈ ಹನಿ ತಗೊಂಡರೆ ನಾನು ಜಗಳಕ್ಕೆ ಬರಲ್ಲ. ಯುರೋಪಿನಲ್ಲೂ ಹತ್ತು ದಿನ ಮೀರಬೇಡಿ ಅಂತ ಹೇಳಿಯೇ ಇದರ ಬಳಕೆಗೆ ಅವಕಾಶ ಕೊಟ್ಟಿದ್ದಾರೆ. ಆದರೆ ಮಕ್ಕಳಿಗೆ ಬೇಡ. 12 ವರ್ಷದೊಳಗಿನ ಮಕ್ಕಳಿಗೆ ಕೊಡಬೇಡಿ ಅಂತ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲೇ ಎಚ್ಚರಿಸಿದೆ, ಕಾರಣ ಅಲರ್ಜಿ. ಕಾಂಗ್ರೆಸ್ ಗಿಡ ಕಿತ್ತು ಮೈ ಕೆರೆದುಕೊಂಡು ಚರ್ಮ ಕಪ್ಪಿಟ್ಟವರು ಪ್ರತಿ ಊರಲ್ಲೂ ಸಿಗುತ್ತಾರೆ. ಆ ಪಾರ್ಥೇನಿಯಂ ಕೂಡ ಇದೇ ಸೂರ್ಯಕಾಂತಿ ಕುಟುಂಬದ್ದು. ಅಂಥ ಅಲರ್ಜಿ ಇರುವವರು ಡಾಕ್ಟರನ್ನು ಕೇಳದೆ ಎಕಿನೇಸಿಯಾ ಮುಟ್ಟದಿರುವುದು ಒಳ್ಳೆಯದು.

ಇಷ್ಟೆಲ್ಲ ಬರೆದದ್ದು ಕ್ಷಯದ ಸಲುವಾಗಿ. ಕ್ಷಯ, ಎಚ್‌ಐವಿ, ರುಮಟಾಯ್ಡ್ ಸಂಧಿವಾತದಂಥ ಕಾಯಿಲೆ ಇರುವವರು, ಕಿಡ್ನಿ ಕಸಿ ಮಾಡಿಸಿಕೊಂಡು ಮಾತ್ರೆ ನುಂಗುವವರು ಎಕಿನೇಸಿಯಾ ಬಳಸಬಾರದು ಅಂತ ಗಿಡಮೂಲಿಕೆಯನ್ನು ಮೆಚ್ಚುವ ಜರ್ಮನಿಯ ತಜ್ಞರೇ ಬರೆದಿಟ್ಟಿದ್ದಾರೆ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಅಪಾಯ ದಿನ ಕಳೆಯುವುದು. ಒಂದು ಬಾಟಲಿ ಮುಗಿಯುತ್ತೆ, ಕೆಮ್ಮು ಹೋಗಲ್ಲ. "ಇನ್ನೊಂದು ಬಾಟಲಿ ನೋಡೋಣ" ಅನ್ನುತ್ತಾರೆ. ಅಷ್ಟರಲ್ಲಿ ತಿಂಗಳಾಗಿರುತ್ತೆ. ಅದೇ ಮನೆಯಲ್ಲಿ ಮೊಮ್ಮಕ್ಕಳು ಪಕ್ಕದಲ್ಲೇ ಮಲಗುತ್ತಾರೆ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಉಚಿತ, ಕ್ಷಯದ ಮಾತ್ರೆಯೂ ಉಚಿತ.

ಹಾಗಂತ ಹನಿ ಕುಡಿಯುವವರನ್ನು ದಡ್ಡರು ಅನ್ನಲು ನನಗೆ ಮನಸ್ಸಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ಡಾಕ್ಟರ್ ಮೀಟಿಂಗಿಗೆ ಹೋಗಿದ್ದಾರೆ ಅಂತಾರೆ. ಒಂದು ದಿನದ ಕೂಲಿ ಹೋಗುತ್ತೆ, ಬಸ್ಸಿನದ್ದು ಬೇರೆ ಖರ್ಚು. ಅಂಗಡಿಯವನು ಮಾತ್ರ ಹೆಸರು ಹಿಡಿದು ಕರೆದು, ಎರಡು ನಿಮಿಷ ಮಾತಾಡಿ ಬಾಟಲಿ ಕೊಡುತ್ತಾನೆ. ಜನ ಎಲ್ಲಿಗೆ ಹೋಗುತ್ತಾರೆ ನೀವೇ ಹೇಳಿ. ಆಸ್ಪತ್ರೆಯಲ್ಲೂ "ಬೇರೆ ಏನಾದ್ರೂ ಮದ್ದು ತಗೊಂತಿದೀರೇನಮ್ಮ?" ಅಂತ ಬೈಯದೆ ಕೇಳುವವರು ಕಮ್ಮಿ. ಬೈಗುಳಕ್ಕೆ ಹೆದರಿ ಜನ ಮುಚ್ಚಿಡುತ್ತಾರೆ.

ನನ್ನ ಒತ್ತಾಯ ಎರಡೇ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದಾಗ ಕೇಳುವ ಪ್ರಶ್ನೆಗಳಲ್ಲಿ ಈ ಹನಿ, ಕಷಾಯ, ಪುಡಿಗಳ ಪ್ರಶ್ನೆಯೂ ಇರಲಿ. ಮಾರುವ ಅಂಗಡಿಯವರು ಬಾಟಲಿ ಕಟ್ಟಿಕೊಡುವ ಮುಂಚೆ ಒಂದು ಮಾತು ಕೇಳಲಿ, "ಕೆಮ್ಮು ಶುರುವಾಗಿ ಎಷ್ಟು ದಿನ ಆಯ್ತು?" ಹದಿನೈದು ದಿನ ಅಂದರೆ ಬಾಟಲಿ ಒಳಗಿಟ್ಟು ಆಸ್ಪತ್ರೆಯ ದಾರಿ ತೋರಿಸಲಿ.